ಒಗ್ಗರಣೆಯಿಲ್ಲದ ಮನೆ

ಪುಣೆಯ ತರಕಾರಿ ಮಂಡಯಿಯಲ್ಲಿ ಬದನೆಕಾಯಿಯ ಗುಡ್ಡೆಯ ಮುಂದೆ ನಿಂತ ನಿಜಲಿಂಗಪ್ಪನಿಗೆ, ಇವು ತನ್ನನ್ನು ಬೇಕೆಂದೇ ಕೆಣಕುತ್ತಿವೆ ಎನ್ನಿಸಿತು. ಗಿಡ್ಡ ಕಾಯಿಗಳು, ಮುಳ್ಳುತೊಟ್ಟಿನವು, ಹೊಟ್ಟೆ ಸೀಳಿ ಮಸಾಲೆ ತುರುಕಿದಷ್ಟೂ ಹಿಡಿಸುವಂಥವು. 'ಕೃಷ್ಣಾಕಾಠಚೀ ವಾಂಗೀ, ಘ್ಯಾ ಸಾಹೇಬ' ಎಂದು ಮಾರುವವಳು ಎರಡು ಕಾಯಿ ಎತ್ತಿ ಅವನ ಮೂಗಿನ ಹತ್ತಿರ ಹಿಡಿದಳು. ಕೃಷ್ಣೆಯ ದಂಡೆಯ ಬದನೆಕಾಯಿ. ಅವನ ಊರೂ ಕೃಷ್ಣೆಯ ದಂಡೆಯದೇ, ಆದರೆ ಅರ್ಧ ಆಯುಷ್ಯ ಪುಣೆಯ ಮಿಲಿಟರಿ ಅಕೌಂಟ್ಸ್ ಆಫೀಸಿನಲ್ಲಿ ಕಾರಕೂನಿಕೆ ಮಾಡಿದವನಿಗೆ ಆ ಹೊಳೆಯ ನೆನಪು ಉಳಿದದ್ದು ನಾಲಗೆಯಲ್ಲಿ ಮಾತ್ರ. 'ನಕೋ' ಎಂದ. ಬೇಡ ಎನ್ನುವುದಕ್ಕೆ ಅಷ್ಟು ಗಟ್ಟಿ ದನಿ ಬೇಕಾಗಿರಲಿಲ್ಲ. ಅವಳು ಕಾಯಿಗಳನ್ನು ಗುಡ್ಡೆಗೆ ಒಗೆದು ಪಕ್ಕದವಳ ಕಡೆ ತಿರುಗಿ ಏನೋ ಅಂದಳು, ಇಬ್ಬರೂ ನಕ್ಕರು. ತಲೆಗೆ ರುಮಾಲು, ಹಣೆಗೆ ವಿಭೂತಿ, ಕೈಯಲ್ಲಿ ಚೀಲ ಹಿಡಿದ ವಯಸ್ಸಾದ ಮನುಷ್ಯ ಬದನೆಕಾಯಿಯ ಮೇಲೆ ಸಿಟ್ಟಾಗಿದ್ದಾನೆ. ನಗದೆ ಏನು ಮಾಡಿಯಾರು.

ಪಡವಲಕಾಯಿ ಕೊಂಡ, ಹಸಿ ಅರಿಶಿನದ ಕೊಂಬು ಕೊಂಡ, ನೆಲ್ಲಿಕಾಯಿಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿದ. ದೀಪಾವಳಿ ಆದಮೇಲಿಂದ ರವಿವಾರವೆಂದರೆ ಇದೇ. ಹೆಂಡತಿ ಸಾವಂತ್ರವ್ವನ ಬಲಗಲ್ಲದ ಒಳಗೆ ಒಂದು ಹುಣ್ಣು, ಅದಕ್ಕೆ ಕ್ಯಾನ್ಸರ್ ಎಂದು ಹೆಸರು, ಆ ಹೆಸರಿಗೆ ಎದುರಾಗಿ ಕಸಬಾ ಪೇಠೆಯ ಅಪ್ಪಾಸಾಹೇಬ ವೈದ್ಯರು ಹಾಕಿಕೊಟ್ಟ ಪಥ್ಯ. ಬದನೆಕಾಯಿ ನಂಜು, ಶೇಂಗಾ ನಂಜು, ಹುಳಿ, ಖಾರ, ಮೊಸರು, ಉಳ್ಳಾಗಡ್ಡೆ, ಬೆಳ್ಳುಳ್ಳಿ ಯಾವುದೂ ಕೂಡದು. ಬೆಳಿಗ್ಗೆ ಹಸಿ ಅರಿಶಿನ ಅರೆದು ಜೇನಿನಲ್ಲಿ, ಆಮೇಲೆ ತುಳಸಿಯ ರಸ, ಎರಡು ಹೊತ್ತೂ ಹೆಸರುಬೇಳೆಯ ಗಂಜಿ. 'ಪಥ್ಯ ಬಾಯಿಯದಲ್ಲ, ಮನೆಯದು,' ಎಂದಿದ್ದರು ವೈದ್ಯರು, 'ರೋಗಿ ಗಂಜಿ ಕುಡಿಯುವ ಮನೆಯಲ್ಲಿ ಗಂಡ ಒಗ್ಗರಣೆ ಹಾಕಿಸಿಕೊಂಡು ಉಂಡರೆ, ಒಳಗಿನ ರೋಗ ವಾಸನೆಗೇ ಎದ್ದು ಕೂರುತ್ತದೆ.' ಈ ಮಾತು ಕೇಳಿ ನಿಜಲಿಂಗಪ್ಪನಿಗೆ ಅಳು ಬರುವಷ್ಟು ಸಂತೋಷವಾಗಿತ್ತು. ತಾನೂ ಮಾಡುವಂಥದ್ದು ಏನೋ ಇದೆ, ಹಸಿದುಕೊಂಡಿರುವುದು ತನಗೂ ಸಾಧ್ಯವಿದೆ ಎಂದು ಅವತ್ತು ಮನೆಗೆ ಹೆಚ್ಚುಕಡಿಮೆ ಓಡಿಯೇ ಬಂದಿದ್ದ. ಸಾಸಿವೆಯ ಡಬ್ಬಿಯನ್ನು ಕೈಗೆಟುಕದ ಅಟ್ಟದ ಮೇಲೆ ಏರಿಸಿಟ್ಟ. ಅಂದಿನಿಂದ ಅವನ ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ. ಒಂದೇ ಅಂಗಳದ ಆ ವಾಡೆಯ ಉಳಿದ ಮನೆಗಳಲ್ಲಿ ಸಾಸಿವೆ ಚಟಪಟ ಅನ್ನುವ ಹೊತ್ತಿಗೆ ಅವನು ಎದ್ದು ಕಿಟಕಿ ಮುಚ್ಚುತ್ತಿದ್ದ.

ಹಣ್ಣಿನ ಸಾಲಿನಲ್ಲಿ, ಆಫೀಸಿನಲ್ಲಿ ಅವನ ಪಕ್ಕದ ಮೇಜಿನ ಪಂಢರಿನಾಥ ಸಿಕ್ಕ. ದ್ರಾಕ್ಷಿ ನಡೆದಿದೆಯೋ ಇಲ್ಲವೋ ಎಂದು ಮರಾಠಿಯಲ್ಲಿ ವಿಚಾರಿಸಿದ. ಬರೀ ಕಪ್ಪು ದ್ರಾಕ್ಷಿ ತಿಂದು ಗುಣವಾದ ಯಾರೋ ಬಿಳಿ ಹೆಂಗಸಿನ ಸುದ್ದಿಯನ್ನು ಆಫೀಸಿಗೆ ತಂದವನು ಅವನೇ. ಹೋದ ವಾರ ಸಿಂಗಾಪುರ ಜಪಾನಿಯರ ವಶವಾದದ್ದನ್ನೂ ಅದೇ ದನಿಯಲ್ಲಿ ಹೇಳಿದ್ದ. ಅದಕ್ಕೂ ಮುಂಚೆ ಲೋಣಾವಳೆಯ ಅವನ ಸೋದರಮಾವ ಹಸಿ ಬೆಳ್ಳುಳ್ಳಿಯೇ ಇದಕ್ಕೆ ಮದ್ದೆಂದು ಹೇಳಿಕಳಿಸಿದ್ದ. ಬೆಳ್ಳುಳ್ಳಿ ತಿಂದು ಸಾವಂತ್ರವ್ವನ ಗಲ್ಲ ಉರಿದು ಹೋಗಿ, ಆಮೇಲೆ ವೈದ್ಯರು ಬೆಳ್ಳುಳ್ಳಿಯೇ ವಿಷ ಎಂದು ನಿಜಲಿಂಗಪ್ಪನನ್ನು ಬೈದಿದ್ದರು. ಕೆಳಮನೆಯ ರಂಗೂಬಾಯಿ ಗೋಮೂತ್ರ ಅಂದಿದ್ದಳು. ದೌಂಡದಿಂದ ಬಂದ ಮಗಳು ಇಂದೂ ತನ್ನ ಅತ್ತೆ ಕೊಟ್ಟ ಯಾವುದೋ ಬೇರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅವ್ವನ ಮುಖ ನೋಡಿ ಅತ್ತು, ಬೇರು ಕೊಡುವುದನ್ನು ಮರೆತು ಹೋಗಿದ್ದಳು. ಎಲ್ಲರ ಹತ್ತಿರವೂ ಗುಣವಾದವನೊಬ್ಬನಿದ್ದ, ಅವನು ಯಾವಾಗಲೂ ಬೇರೆ ಊರಿನವನಾಗಿರುತ್ತಿದ್ದ. 'ವಹಿನಿ ಈಗ ಸ್ವಲ್ಪ ಸುಧಾರಿಸಿರಬೇಕಲ್ಲ?' ಎಂದು ಪಂಢರಿನಾಥ ಸಾವಂತ್ರವ್ವನ ಬಗ್ಗೆ ಕೇಳಿದ. ಹೌದು ಎಂದು ನಿಜಲಿಂಗಪ್ಪ ಗೋಣು ಹಾಕಿದ. ಇಲ್ಲ ಎಂದರೆ ಪಥ್ಯದಲ್ಲಿ ಎಲ್ಲಿ ತಪ್ಪಿತು ಎಂದು ಇವನು ತನಿಖೆ ಸುರುಮಾಡುತ್ತಾನೆ, ಆ ತನಿಖೆಯನ್ನು ತಾನೇ ದಿನಾ ಮಾಡುತ್ತಿರುವುದು ಸಾಲದೆ.

ಸುಧಾರಿಸಿರಲಿಲ್ಲ. ದೀಪಾವಳಿಯ ಹೊತ್ತಿಗೆ ಡಾಕ್ಟರ ಹತ್ತಿರ ಹೋದಾಗ ಜೋಳದ ಕಾಳಿನಷ್ಟಿದ್ದದ್ದು ಈಗ ಎಷ್ಟಿದೆಯೆಂದು ನೋಡಲು ಅವನಿಗೆ ಧೈರ್ಯವಾಗಿರಲಿಲ್ಲ. ಆ ಡಾಕ್ಟರು ಒಳ್ಳೆಯವನೇ. ಸಣ್ಣ ಕನ್ನಡಿಯಿಂದ ಸಾವಂತ್ರವ್ವನ ಬಾಯಿಗೆ ಬೆಳಕು ಹಾಯಿಸಿ ನೋಡಿ, ಕೈ ತೊಳೆದುಕೊಂಡು, ಕುರ್ಚಿಯನ್ನು ನಿಜಲಿಂಗಪ್ಪನ ಕಡೆ ತಿರುಗಿಸಿ ಕೂತಿದ್ದ. ಹುಣ್ಣು ಸಣ್ಣದಿದೆ, ಮುಂಬಯಿಯಲ್ಲಿ ಈ ವರ್ಷ ಇದಕ್ಕೆಂದೇ ಒಂದು ಆಸ್ಪತ್ರೆ ತೆರೆದಿದ್ದಾರೆ, ಗಲ್ಲದಲ್ಲಿ ಇಷ್ಟು ಕೊಯ್ದು ತೆಗೆದು ರೇಡಿಯಮ್ ಇಡುತ್ತಾರೆ, ಈಗಲೇ ಹೋದರೆ ಆಸೆಯುಂಟು, ತಡಮಾಡಿದರೆ ನಾನು ಹೇಳಲಾರೆ ಎಂದಿದ್ದ. ಆಮೇಲೆ ಕೇಳಿದ: 'ಇವರು ತಂಬಾಕು ತಿನ್ನುತ್ತಾರೆಯೇ?' ಅದನ್ನೂ ಇವನನ್ನೇ ಕೇಳಿದ. 'ಛೇ, ನಮ್ಮ ಮನೆತನದಲ್ಲಿ ಹೆಂಗಸರು ಎಲೆಯಡಿಕೆಗೂ ತಂಬಾಕು ಸೋಕಿಸುವುದಿಲ್ಲ,' ಎಂದು ನಿಜಲಿಂಗಪ್ಪ ಎದೆ ಸೆಟೆಸಿ ಹೇಳಿದ್ದ. ಪಕ್ಕದ ಸ್ಟೂಲಿನಲ್ಲಿ ಸೆರಗು ಹೊದ್ದು ಕೂತ ಸಾವಂತ್ರವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳಿಗೆ ಮರಾಠಿ ಪೂರ್ತಿ ತಿಳಿಯುತ್ತಿತ್ತು, ಅವನಿಗಿಂತ ಚೆನ್ನಾಗಿ ಆಡುತ್ತಿದ್ದಳು ಕೂಡ, ಆದರೆ ಅವತ್ತು ಅವಳಿಂದ ಒಂದು ಮಾತೂ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ವಿಚಾರ ಮಾಡಿ ಹೇಳುತ್ತೇವೆ ಎಂದು ಹೇಳಿ ಹೊರಬಿದ್ದರು. ಟಾಂಗಾದಲ್ಲಿ ಕೂತಾಗ ಕೊಯ್ಯುವುದು ಎಂಬ ಒಂದೇ ಶಬ್ದ ಅವನ ತಲೆಯಲ್ಲಿ ಸುತ್ತುತ್ತಿತ್ತು. ನಿಜ ಹೇಳಬೇಕೆಂದರೆ ಅವಳ ಮುಖ ಕೊಯ್ಯುತ್ತಾರೆ ಎಂಬುದಕ್ಕಿಂತಲೂ, ಕೊಯ್ದ ಮುಖವನ್ನು ತಾನು ದಿನಾ ಹೊತ್ತು ಹುಟ್ಟಿದರೆ ಎದುರಿಗೆ ಕೂತು ನೋಡಲಾರೆನೇನೋ ಎಂಬ ಹೆದರಿಕೆ ಅವನನ್ನು ತಿನ್ನುತ್ತಿತ್ತು. ಇಂಥ ಹೆದರಿಕೆಯನ್ನು ಮನುಷ್ಯ ಯಾರ ಮುಂದೆ ಹೇಳಿಕೊಳ್ಳುತ್ತಾನೆ. ಪಥ್ಯ ಸಿಕ್ಕಿದ್ದು ಆ ವಾರವೇ. ಶಿವರಾತ್ರಿಯವರೆಗೆ ಮಾಡಿ ನೋಡಿ ಎಂದಿದ್ದರು ವೈದ್ಯರು. ಶಿವರಾತ್ರಿ ಆಗಿ ಹೋಗಿತ್ತು.

ಮಂಡಯಿಯಿಂದ ಮನೆಗೆ ನೆಟ್ಟಗಿನ ದಾರಿಯಿತ್ತು. ಚೀಲ ಹೆಗಲಿಗೆ ಏರಿಸಿ ಹೊರಟವನ ಕಾಲು ಎಡಕ್ಕೆ ಹೊರಳಿದ್ದು ಹೇಗೆಂದು ಅವನಿಗೂ ತಿಳಿಯಲಿಲ್ಲ, ಅಥವಾ ತಿಳಿಯಿತು, ಆದರೆ ತಿಳಿಯದವನ ಹಾಗೆ ನಡೆದ. ಆ ಗಲ್ಲಿಯ ತುದಿಯಲ್ಲಿ ಕಲ್ಲವ್ವನ ಖಾನಾವಳಿ. ವಿಜಾಪುರದ ಕಡೆಯ ಕಲ್ಲವ್ವ, ಗಂಡ ಸತ್ತಮೇಲೆ ಒಲೆಯನ್ನೇ ನಂಬಿ ಪುಣೆಗೆ ಬಂದವಳು, ಊರ ಕಡೆಯ ಒಂಟಿ ಕಾರಕೂನರಿಗೆಲ್ಲ ರೊಟ್ಟಿ ಬಡಿದು ಹಾಕಿದವಳು. ಹೊಸದಾಗಿ ನೌಕರಿಗೆ ಬಂದಾಗ ನಿಜಲಿಂಗಪ್ಪನೂ ಅಲ್ಲೇ ಉಂಡು ದಿನ ಕಳೆದಿದ್ದ. ಗಲ್ಲಿಯ ಬಾಯಿಗೆ ಬರುತ್ತಲೇ ಕಾದ ಎಣ್ಣೆ, ಹುರಿದ ಶೇಂಗಾ, ಜಜ್ಜಿದ ಬೆಳ್ಳುಳ್ಳಿ ಎಲ್ಲ ಒಟ್ಟಿಗೇ ಬಂದು ಮುಖಕ್ಕೆ ಹೊಡೆದವು. ಅವನ ಕಣ್ಣಲ್ಲಿ ನೀರು ತುಂಬಿತು. ಹಸಿವೆಯಿಂದಲೋ ನಾಚಿಕೆಯಿಂದಲೋ ಹೇಳುವುದು ಕಷ್ಟ. ಬರೀ ವಾಸನೆ ನೋಡಿ ತಿರುಗಿ ಹೋದರಾಯಿತು ಎಂದುಕೊಂಡ. ಹಾಗಂದುಕೊಳ್ಳುವಾಗಲೇ ಚಪ್ಪಲಿ ಬಿಚ್ಚಿ ಆಗಿತ್ತು.

"ಏನ್ರಿ ಅಣ್ಣಾರ, ಹಾದಿ ತಪ್ಪಿ ಬಂದ್ರೇನು?" ಎಂದು ಕಲ್ಲವ್ವ ಒಲೆಯ ಮುಂದಿನಿಂದಲೇ ಕೇಳಿದಳು. "ಕುಂದರ್ರಿ. ಅಕ್ಕಾರು ಹ್ಯಾಂಗದಾರ?"

"ಅದಾಳ. ಪಥ್ಯಾ ನಡದದ."

"ಮತ್ತ ನಿಮಗ?"

ಅವನು ಚೀಲ ಕೆಳಗಿಟ್ಟು ಕೂತ. ಗಂಗಾಳದಲ್ಲಿ ಬಿಸಿ ರೊಟ್ಟಿ ಬಿತ್ತು, ಅದರ ಪಕ್ಕದಲ್ಲಿ ಎಣ್ಣೆ ತೇಲುವ ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಹಸಿ ಉಳ್ಳಾಗಡ್ಡೆ. ಮೊದಲ ತುತ್ತು ಬಾಯಿಗಿಟ್ಟಾಗ ನಿಜಲಿಂಗಪ್ಪ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಸಾವಂತ್ರವ್ವ ಗಂಜಿಯ ಬಟ್ಟಲನ್ನು ಎಡಗಡೆಗೆ ವಾಲಿಸಿ, ಬಲಗಲ್ಲಕ್ಕೆ ತಾಗದಂತೆ ಕುಡಿಯುವುದು ಕಂಡಿತು. ಕಣ್ಣು ತೆರೆದ, ಎರಡನೆಯ ತುತ್ತು ಮುರಿದ. ಸಾಧುಗಳು ತಪಸ್ಸು ಕೆಡಿಸಿಕೊಳ್ಳುವುದು ಅಪ್ಸರೆಯರಿಂದ, ಇವನದು ಬದನೆಕಾಯಿಯಿಂದ ಕೆಟ್ಟಿತು. ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು, ಆ ಅಸಹ್ಯ ಊಟದ ರುಚಿಯನ್ನು ಒಂದಿಷ್ಟೂ ಕಡಿಮೆ ಮಾಡುತ್ತಿರಲಿಲ್ಲ, ಅದಕ್ಕಾಗಿ ಇನ್ನಷ್ಟು ಅಸಹ್ಯವಾಗುತ್ತಿತ್ತು. ಈ ತುತ್ತು ಇಲ್ಲಿ ತನ್ನ ಗಂಟಲಲ್ಲಿ ಇಳಿಯುವಾಗ ಅಲ್ಲಿ ಅವಳ ಗಲ್ಲದಲ್ಲಿ ಅದು ಒಂದು ಎಳೆಯಷ್ಟು ಬೆಳೆಯುತ್ತಿರಬಹುದು ಎಂದು ಅವನ ತಲೆಯ ಒಂದು ಮೂಲೆ ಲೆಕ್ಕ ಹಾಕಿತು. ಅಪ್ಪಾಸಾಹೇಬರು ಹಾಗೆಂದು ನಿಖರವಾಗಿ ಹೇಳಿರಲಿಲ್ಲ, ಆದರೆ ಹೇಳಿದ ಹಾಗೆಯೇ ಇತ್ತು. "ಅಕ್ಕಾರಿಗೂ ಒಂದೀಟು ಕಟ್ಟಿ ಕೊಡ್ಲೇನ್ರಿ?" ಎಂದು ಕಲ್ಲವ್ವ ಕೇಳಿದಾಗ, "ಬ್ಯಾಡ, ಬ್ಯಾಡ, ಅಕೀಗೆ ಅದು ವಿಷ," ಎಂದು ಗಾಬರಿಯಿಂದ ಕೈ ಆಡಿಸಿದ. ಕಲ್ಲವ್ವ ಅವನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು.

ವಾಡೆಯ ಅಂಗಳದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದ. ಕೈಗೆ ಬೂದಿ ಹಚ್ಚಿ ತಿಕ್ಕಿದ. ದಾರಿಯಲ್ಲಿ ಕೊಂಡ ಏಲಕ್ಕಿಯನ್ನು ಸಿಪ್ಪೆ ಸಮೇತ ಅಗಿದ. ರಂಗೂಬಾಯಿ ತನ್ನ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಅಣ್ಣಾ ಇಷ್ಟು ಹೊತ್ತು ಬಾಯಿ ತೊಳೆಯುವುದನ್ನು ನೋಡಿ ಹಲ್ಲು ನೋಯುತ್ತಿದೆಯೇ ಎಂದು ಕೇಳಿದಳು. ಹೌದು ಎಂದ. ಒಂದು ತಪ್ಪು ಮಾಡಿದ ಮನುಷ್ಯ ಎಷ್ಟು ಬೇಗ ಸುಳ್ಳಿಗೆ ಒಗ್ಗಿಕೊಳ್ಳುತ್ತಾನೆ ಎಂದು ಆಶ್ಚರ್ಯಪಡುತ್ತ ಮೆಟ್ಟಿಲು ಹತ್ತಿದ. ಮೇಲೆ ಎರಡು ಕೋಣೆಯ ಅವನ ಮನೆ ಎಂದಿನಂತೆ ಸಪ್ಪಗಿತ್ತು. ಬೇಯಿಸಿದ ಬೇಳೆಯ ಬಿಸಿ, ಮೂಲೆಯಲ್ಲಿ ವಿಭೂತಿಯ ವಾಸನೆ, ಅಷ್ಟೇ. ಸಾವಂತ್ರವ್ವ ಗೋಡೆಗೆ ಒರಗಿ ಕೂತು, ಮುಂದೆ ಎರಡು ಗಂಗಾಳ ಇಟ್ಟುಕೊಂಡು ಕಾಯುತ್ತಿದ್ದಳು. ಬಳೆಗಳು ಮೊಣಕೈ ತನಕ ಜಾರುವಷ್ಟು ಸೊರಗಿದ್ದಳು. ಅವನು ಬರುವವರೆಗೆ ಅವಳು ಬಾಯಿಗೆ ನೀರು ಕೂಡ ಹಾಕುವುದಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

"ಭಾಳ ಹೊತ್ತಾತಲ್ರಿ."

"ಪಂಢರಿನಾಥ ಸಿಕ್ಕಿದ್ದ."

"ಹೌದೇನ್ರಿ. ಇವತ್ತ ಏನು ತಿನ್ನಂದ್ರು?" ಎಂದಳು. ಮಾತಾಡುವಾಗ ಎಡತುಟಿ ಮಾತ್ರ ಅಲುಗುತ್ತಿತ್ತು.

ಅವನು ಕೈಕಾಲು ತೊಳೆದು ಬಂದು ಕೂತ. ಹೊಟ್ಟೆಯಲ್ಲಿ ಮೂರು ರೊಟ್ಟಿ ಕಲ್ಲಿನಂತೆ ಕೂತಿದ್ದವು. ಅವಳು ಅವನ ಗಂಗಾಳಕ್ಕೆ ಗಂಜಿ ಬಡಿಸಿದಳು, ಉಪ್ಪಿಲ್ಲದ ಪಡವಲಕಾಯಿ ಬಡಿಸಿದಳು. ಅವನು ಉಂಡ. ಒಂದೊಂದು ತುತ್ತನ್ನೂ ತಳ್ಳಿ ತಳ್ಳಿ ಇಳಿಸಿದ. ಹಣೆಯಲ್ಲಿ ಬೆವರೊಡೆಯಿತು. "ಇನ್ನೊಂದು ಸೌಟು?" ಎಂದಳು. ಸಾಕು ಎಂದರೆ ಅನುಮಾನ ಬಂದೀತು ಎಂದು "ಹಾಕು" ಎಂದ. ಇದೊಂದು ರೀತಿಯ ಪ್ರಾಯಶ್ಚಿತ್ತವೇ ಸರಿ ಎಂದು ಮನಸ್ಸಿಗೆ ಹೇಳಿಕೊಂಡ. ಅವಳು ತನ್ನ ಬಟ್ಟಲನ್ನು ವಾಲಿಸಿ ಗುಟುಕು ಗುಟುಕಾಗಿ ಕುಡಿಯುತ್ತ, ಅವನು ಆ ಎರಡನೆಯ ಸೌಟನ್ನೂ ಮುಗಿಸುವ ತನಕ ನೋಡಿದಳು.

"ಗುರೆಳ್ಳು ಹಾಕಿದ್ಲೇನ್ರಿ?" ಎಂದಳು.

"ಯಾರು?"

"ಕಲ್ಲವ್ವ. ಎಣ್ಣಿಗಾಯಿಗೆ."

ನಿಜಲಿಂಗಪ್ಪನ ಕೈ ಗಂಗಾಳದಲ್ಲೇ ನಿಂತಿತು. "ಏಲಕ್ಕಿ ತಿಂದ್ರ ಬೆಳ್ಳುಳ್ಳಿ ಮುಚ್ಚತದೇನ್ರಿ," ಎಂದಳು ಅವಳು, ಬೈಯುವ ದನಿ ಅದಾಗಿರಲಿಲ್ಲ. "ಇಷ್ಟು ದಿವಸ ಈ ಮನ್ಯಾಗ ಯಾವ ವಾಸನೀನೂ ಇಲ್ಲ. ನೀವು ಮೆಟ್ಟಲಾ ಹತ್ತೂದರಾಗ ನನಗ ಗೊತ್ತಾತು." ಅವನಿಗೆ ತಲೆಯೆತ್ತಲಾಗಲಿಲ್ಲ. ಲಗ್ನವಾದ ಹೊಸದರಲ್ಲಿ, ತವರಿನಿಂದ ತಂದ ಉಂಡಿಯನ್ನು ಇವನು ಕದ್ದು ತಿಂದಾಗಲೂ ಇವಳು ಹೀಗೆಯೇ, ಯಾವುದೋ ಬೇರೆ ಮಾತು ಕೇಳಿದ ಹಾಗೆ ಕೇಳಿದ್ದಳು. ಆಗ ನಕ್ಕಿದ್ದ. ಈಗ ಬೆರಳಿಗೆ ಅಂಟಿದ ಗಂಜಿಯನ್ನು ಗಂಗಾಳದ ಅಂಚಿಗೆ ಒರೆಸಿದ.

"ತಪ್ಪಾತು," ಎಂದ. "ನಿನ್ನ ಪಥ್ಯಾ ನಾನ ಮುರದೆ. ನಿನಗ ಏನರೆ ಹೆಚ್ಚುಕಡಿಮಿ ಆದ್ರ, ಅದು ನನ್ನಿಂದನ."

"ಹಂಗೆಲ್ಲಾ ಅನಬ್ಯಾಡ್ರಿ. ನೀವು ಅಲ್ಲೆ ಕುಂತು ಬದನೀಕಾಯಿ ತಿಂದದ್ದು ನನ್ನ ಗಲ್ಲಕ್ಕ ಹೆಂಗ ತಿಳೀತದ?" ಅವಳು ನಗಲು ಹೋದಳು, ನೋವಾಗಿ ಕೈಯಿಂದ ಗಲ್ಲ ಹಿಡಿದುಕೊಂಡಳು, ಆದರೂ ಕಣ್ಣು ನಗುತ್ತಲೇ ಇದ್ದವು. "ಹೇಳ್ರಿ, ಹ್ಯಾಂಗಿತ್ತು?"

ಅವನು ಹೇಳಿದ. ಮೊದಲು ತಡವರಿಸಿ, ಆಮೇಲೆ ಬಿಚ್ಚಿ ಹೇಳಿದ. ರೊಟ್ಟಿ ಹೇಗೆ ಉಬ್ಬಿತ್ತು, ಚಟ್ನಿಯಲ್ಲಿ ಜೀರಿಗೆ ಸ್ವಲ್ಪ ಹೆಚ್ಚಾಗಿತ್ತು, ಕಾಯಿ ಬೆಂದಿದ್ದರೂ ತೊಟ್ಟು ಗಟ್ಟಿಯಾಗಿತ್ತು. ಅವಳು ಮಕ್ಕಳು ಕಥೆ ಕೇಳುವ ಹಾಗೆ ಕೇಳಿದಳು. ಕೇಳುತ್ತಿರುವ ಅವಳನ್ನು ನೋಡುತ್ತ ಅವನಿಗೆ ಇದ್ದಕ್ಕಿದ್ದಂತೆ ಎಲ್ಲವೂ ಸಾಕಾಯಿತು. ವೈದ್ಯರು, ದ್ರಾಕ್ಷಿ, ಪಂಢರಿನಾಥನ ಸೋದರಮಾವ, ಯಾರೂ ಬೇಡವೆನ್ನಿಸಿತು. "ನಾಳಿಗೆ ನಾ ಬದನೀಕಾಯಿ ತರ್ತೀನಿ. ಮೆತ್ತಗ ಮಾಡಿಸಿ ಉಣಸ್ತೀನಿ ನಿನಗ. ಆಗಿದ್ದಾಗ್ಲಿ. ನಿನಗ ಅದು ಎಷ್ಟು ಸೇರತಿತ್ತು, ವಾರದಾಗ ಎರಡ ಸಲ ಮಾಡತಿದ್ದಿ," ಎಂದ.

"ನನಗ ಬದನೀಕಾಯಿ ಸೇರೂದಿಲ್ಲ," ಎಂದಳು ಸಾವಂತ್ರವ್ವ. "ಮೊದಲಿಂದನೂ ಇಲ್ಲ. ನಿಮಗ ಸೇರತದಂತ ಮಾಡತಿದ್ದೆ."

ಕೆಳಗೆ ಯಾರೋ ನಲ್ಲಿ ತಿರುವಿದರು. ನೀರು ಕೊಡಕ್ಕೆ ಬೀಳುವ ಸದ್ದು ಕೇಳಿಸುತ್ತಿತ್ತು. ನಿಜಲಿಂಗಪ್ಪ ಮಂಡಯಿಯ ಗುಡ್ಡೆಗಳ ಮುಂದೆ ಪ್ರತಿ ವಾರ ತಾನು ಹಲ್ಲು ಕಚ್ಚಿ ನಿಂತದ್ದನ್ನು ನೆನೆದ. ಅವಳ ಬಾಯಿಂದ ಅವಳಿಗೆ ಪ್ರೀತಿಯ ವಸ್ತುವನ್ನು ಕಿತ್ತುಕೊಂಡೆನೆಂದು ದುಃಖಪಟ್ಟದ್ದು, ಕಿತ್ತುಕೊಂಡಾದರೂ ಉಳಿಸಿಕೊಳ್ಳುತ್ತೇನೆಂದು ಒಳಗೊಳಗೇ ಹೆಮ್ಮೆಪಟ್ಟದ್ದು. ಅದೆಲ್ಲ ಅವನ ನಾಲಗೆಯ ಸುದ್ದಿಯೇ ಆಗಿತ್ತು. ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡು, ಎದುರಿಗೆ ಕೂತವಳಿಗೆ ಏನು ಸೇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಕೇಳಿರಲೂ ಇಲ್ಲ.

"ಅವತ್ತ ಡಾಕ್ಟರೂ ಹಂಗ ಮಾಡಿದ್ರು," ಎಂದಳು ಅವಳು, ಬಟ್ಟಲನ್ನು ಪಕ್ಕಕ್ಕೆ ಸರಿಸಿ. "ತಂಬಾಕ ತಿಂತಾರೇನಂತ ಕೇಳಿದ್ರು. ಕೇಳಿದ್ದು ನನ್ನ ಬಾಯಿ ಸುದ್ದಿ. ಉತ್ತರಾ ನೀವು ಹೇಳಿದ್ರಿ."

"ನೀ ಎಲ್ಲೆ ತಿಂತಿ ತಂಬಾಕ?"

"ಮಿಶ್ರಿ ಏನದ್ರಿ ಮತ್ತ?"

ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಎದ್ದು ಹಲ್ಲಿಗೆ ತಿಕ್ಕುವ ಮಿಶ್ರಿ. ಪುಣೆಗೆ ಬಂದ ಹೊಸದರಲ್ಲಿ ಹಲ್ಲುನೋವಿಗೆಂದು ವಾಡೆಯ ಹೆಂಗಸರಿಂದ ಕಲಿತದ್ದು, ನೋವು ಹೋಗಿ ಮಿಶ್ರಿ ಉಳಿದದ್ದು. ಅದನ್ನು ಹುರಿಯುವ ದಿನ ಘಾಟಿಗೆ ಕೆಮ್ಮುತ್ತ ಅವನು ಅಂಗಳಕ್ಕೆ ಹೋಗಿ ಕೂರುತ್ತಿದ್ದ. ಆದರೆ ಅದು ತಿನ್ನುವುದಲ್ಲ, ತಿಕ್ಕುವುದು. ಹಲ್ಲಿನ ಔಷಧ, ಹೆಂಗಸರ ವ್ಯವಹಾರ. ಡಾಕ್ಟರ ಮುಂದೆ ಅವನಿಗೆ ಅದು ತಂಬಾಕು ಎಂದು ಹೊಳೆಯಲೇ ಇಲ್ಲ. ವೈದ್ಯರು ಏನೇನು ತಿನ್ನುತ್ತೀರೆಂದು ಕೇಳಿದಾಗಲೂ ಹೊಳೆಯಲಿಲ್ಲ. ಬದನೆಕಾಯಿ ಹಿಡಿದು ನೆಲ್ಲಿಕಾಯಿಯ ತನಕ ಮನೆಯ ಒಂದೊಂದು ಪದಾರ್ಥವನ್ನೂ ಕಳ್ಳನನ್ನು ವಿಚಾರಿಸುವ ಹಾಗೆ ವಿಚಾರಿಸಿದವನು, ಒಲೆಯ ಮೂಲೆಯಲ್ಲಿ ಕೂತ ಆ ಸಣ್ಣ ಡಬ್ಬಿಯನ್ನು ದಾಟಿಕೊಂಡು ಹೋಗಿದ್ದ. ತಟ್ಟನೆ ಎದ್ದು ಆ ಮೂಲೆ ನೋಡಿದ. ಡಬ್ಬಿಯಿರಲಿಲ್ಲ.

"ಅವತ್ತ ಮನೀಗೆ ಬಂದು ಒಲಿಗೆ ಹಾಕಿದೆ," ಎಂದಳು. "ಅದರಿಂದನ ಆತೋ ಏನೋ ನನಗೇನು ಗೊತ್ತು. ರಂಗೂಬಾಯಿನೂ ತಿಕ್ಕತಾಳ, ಅಕೀಗೇನೂ ಆಗಿಲ್ಲ. ಡಾಕ್ಟರು ಸುಮ್ಮ ಸುಮ್ಮನ ಕೇಳಿರಲಿಕ್ಕಿಲ್ಲ ಅನಿಸ್ತು. ಅವತ್ತಿಂದ ಹುರದಿಲ್ಲ. ನೀವು ಕೆಮ್ಮಿಲ್ಲ ನೋಡ್ರಿ ಈ ನಡುವ."

"ಮತ್ತ ಯಾಕ ಹೇಳಲಿಲ್ಲ ನನಗ? ಈ ಗಂಜಿ, ಈ ಅರಿಷಿಣಾ, ಇದೆಲ್ಲಾ ಯಾಕ ಸುಮ್ಮನ ನುಂಗಿದಿ?"

ಅವಳು ಸೆರಗಿನ ತುದಿಯಿಂದ ತುಟಿಯ ಮೂಲೆ ಒರೆಸಿಕೊಂಡಳು. "ನಿಮಗ ಏನರೆ ಮಾಡೂದು ಬೇಕಾಗಿತ್ತು. ಮುಂಜಾನೆದ್ದು ಅರಿಷಿಣಾ ಅರೀತಿದ್ರಿ. ಗಂಜಿ ಉಕ್ಕತದಂತ ಒಲಿ ಮುಂದ ಕುಂತು ಕಾಯ್ತಿದ್ರಿ. ನನ್ನ ಸಲುವಾಗಿ ನೀವು ಒಲಿ ಮುಂದ ಕುಂತದ್ದು ಇದ ಮೊದಲು. ಹಾಸಗಿ ಮ್ಯಾಲೆ ಬಿದ್ದು ನೋಡತಿದ್ದೆ. ಚೊಲೋ ಅನಿಸ್ತಿತ್ತು ನನಗ." ಆಮೇಲೆ, ದನಿ ಸ್ವಲ್ಪ ಇಳಿಸಿ, "ಹಂಗಂತ ಹುಣ್ಣು ಕಾಯ್ತದೇನ್ರಿ. ಹುಣಸೀ ಬೀಜದಷ್ಟಾಗ್ಯದ ಈಗ. ಮುಂಬಯಿಗೆ ಹೋಗೂಣ್ರಿ."

"ಮಾರಿ ಕೊಯ್ತಾರ."

"ಕೊಯ್ಯಲಿ."

"ನನಗ ಹೆದರಿಕಿ ಅದ," ಎಂದ ನಿಜಲಿಂಗಪ್ಪ. ಹೇಳಿಬಿಟ್ಟ ಮೇಲೆ ಉಳಿದದ್ದೂ ನಿಲ್ಲಲಿಲ್ಲ. "ಕೊಯ್ದ ಮಾರಿ ನನಗ ನೋಡಲಿಕ್ಕೆ ಆಗದಿದ್ರ? ಅದ ಹೆದರಿಕಿ. ಅದಕ್ಕ ಇಷ್ಟು ದಿವಸ ದೂಡಿದೆ. ಪಥ್ಯಾ ಅಂದೆ, ದ್ರಾಕ್ಷಿ ಅಂದೆ. ನಿನ್ನ ಸಲುವಾಗಿ ಅಂದೆ. ನನ್ನ ಸಲುವಾಗಿ ಇತ್ತು ಅದು." ಅವನು ಬಿಕ್ಕಿದ. ಎಂಜಲು ಕೈ ಒಣಗಿ ಬಿರುಸಾಗಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡು ಕೂತ.

ಅವನ ಮಾತು ಸಾವಂತ್ರವ್ವನನ್ನು ನೋಯಿಸಿರಬೇಕು, ಕಣ್ಣಂಚು ಒದ್ದೆಯಾಯಿತು, ಆದರೆ ಮುಖ ತಿರುಗಿಸಲಿಲ್ಲ. "ಹೆದರಿಕಿ ನನಗೂ ಅದ. ನಿಮ್ಮದು ಮುಗೀಲಿ ಅಂತ ಕಾಯ್ತಿದ್ದೆ, ಮುಗಿಯೂಹಂಗ ಕಾಣಲಿಲ್ಲ," ಎಂದಳು. "ಮೊದಲ ಮೊದಲ ನೋಡಲಿಕ್ಕೆ ಆಗೂದಿಲ್ಲ. ಆಮ್ಯಾಲೆ ನೋಡ್ತೀರಿ. ನಿಮ್ಮ ತಲಿ ಬೋಳಾದಾಗ ನನಗೂ ಹಂಗ ಆಗಿತ್ತು."

ಅವನು ಅಳುತ್ತಲೇ ನಕ್ಕುಬಿಟ್ಟ. ನಾಳೆ ಬೆಳಿಗ್ಗೆ ಆಫೀಸಿಗೆ ಹೋಗಿ ರಜೆ ಬರೆದು ಕೊಡುತ್ತೇನೆ, ಯುದ್ಧ ನಡೆದಿದೆ ರಜೆಯಿಲ್ಲ ಎಂದರೆ ನೌಕರಿಯನ್ನೇ ಅವರ ಮೇಜಿನ ಮೇಲಿಟ್ಟು ಬರುತ್ತೇನೆ ಎಂದ. ಅಷ್ಟೆಲ್ಲ ಬೇಡ, ಡಾಕ್ಟರ ಚೀಟಿ ತೋರಿಸಿದರೆ ಸಾಕು ಎಂದಳು ಅವಳು. ಬುಧವಾರ ಹೊರಡುವುದೆಂದು ಆಯಿತು. ಇಂದೂಗೆ ದೌಂಡಕ್ಕೆ ಒಂದು ಕಾರ್ಡು ಹಾಕುವುದು. ತಡವಾಗಿದೆಯೋ ಇಲ್ಲವೋ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ, ಅದು ಇಬ್ಬರ ನಡುವೆಯೇ ಕೂತಿತ್ತು. ಬಿಸಿಲು ಇಳಿಯುತ್ತಿತ್ತು. ಅವನು ಗಂಗಾಳಗಳನ್ನು ತಾನೇ ಎತ್ತಿ ತೊಳೆದಿಟ್ಟ. ತೊಳೆದು ಬಂದು, ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದ: "ಈಗ ನಿನಗ ಏನು ಬೇಕು, ಹೇಳು."

ಯಾರೂ ಕೇಳದ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಯಾರು ಕೂತಿರುತ್ತಾರೆ. ಅವಳು ನಾಚಿಕೊಂಡವಳ ಹಾಗೆ ಹೇಳಿದಳು. "ಜ್ವಾಳದ ನುಚ್ಚು. ಅದಕ್ಕ ಮಜ್ಜಿಗಿ. ಮ್ಯಾಲೆ ಬೆಳ್ಳುಳ್ಳಿ ಒಗ್ಗರಣಿ. ನಮ್ಮವ್ವ ಹೊಲದಿಂದ ಬಂದು ಮಾಡತಿದ್ಲು. ನಿಮಗ ನುಚ್ಚು ಸೇರೂದಿಲ್ಲ, ಅದಕ್ಕ ನಾ ಮಾಡಲೇ ಇಲ್ಲ."

ಬುಟ್ಟಿಯ ತಳದಲ್ಲಿ ಹಿಟ್ಟು ಸಾಣಿಸಿ ಉಳಿದ ಜೋಳದ ನುಚ್ಚು ಇತ್ತು. ಮಜ್ಜಿಗೆಯಿರಲಿಲ್ಲ, ಬೆಳ್ಳುಳ್ಳಿಯಂತೂ ಇರುವ ಹಾಗೇ ಇರಲಿಲ್ಲ. ನಿಜಲಿಂಗಪ್ಪ ತಂಬಿಗೆ ಹಿಡಿದು ರಂಗೂಬಾಯಿಯ ಬಾಗಿಲಿಗೆ ಹೋಗಿ ನಿಂತು ಎರಡನ್ನೂ ಬೇಡಿದ. ಪಥ್ಯದ ಬಗ್ಗೆ ವಾಡೆಗೆಲ್ಲ ಉಪದೇಶ ಮಾಡಿದ ಅಣ್ಣಾ ಬೆಳ್ಳುಳ್ಳಿ ಕೇಳುತ್ತಿದ್ದಾನೆ. ಅವಳು ಅವನ ಕೆಂಪು ಕಣ್ಣು ನೋಡಿ ತಂಬಿಗೆ ತುಂಬಿಸಿ, ಒಂದು ಹಿಡಿ ಬೆಳ್ಳುಳ್ಳಿ ಅವನ ಬೊಗಸೆಗೆ ಹಾಕಿದಳು. ಮೇಲೆ ಬಂದು ಒಲೆಯ ಮುಂದೆ ಕೂತ. ಸಾವಂತ್ರವ್ವ ಗೋಡೆಗೆ ಒರಗಿಕೊಂಡೇ ಹೇಳಿಕೊಟ್ಟಳು. ನೀರು ಕುದಿಯಲಿ, ನುಚ್ಚು ಉದುರಿಸ್ರಿ, ಕೈಯಾಡಸ್ರಿ, ಗಂಟಾದೀತು. ಗಂಟಾಯಿತು. ಅವನು ಸೌಟಿನ ಬೆನ್ನಿನಿಂದ ಒಂದೊಂದೇ ಗಂಟು ಒಡೆದ. ನುಚ್ಚು ಬೆಂದು ಮೆತ್ತಗಾದ ಮೇಲೆ ಏಣಿ ಹತ್ತಿ ಅಟ್ಟದಿಂದ ಸಾಸಿವೆ ಇಳಿಸಿದ. ಎಣ್ಣೆ ಕಾಯಿತು. ಸಾಸಿವೆ ಬಿದ್ದದ್ದೇ ತಡ ಸಿಡಿದು ಅವನ ಕೈಗೆ ಹಾರಿತು. ಅವನು ಹೌಹಾರಿ ಹಿಂದೆ ಸರಿದ. ಬೆಳ್ಳುಳ್ಳಿ ಕೆಂಪಗಾಗಿ ವಾಸನೆ ಎರಡೂ ಕೋಣೆ ತುಂಬಿ ಹೊರಗೆ ಹರಿಯಿತು. ಅವನು ಕಿಟಕಿ ಮುಚ್ಚಲಿಲ್ಲ. ತಿರುಗಿ ನೋಡಿದರೆ ಸಾವಂತ್ರವ್ವ ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಮೂಗರಳಿಸಿ ಉಸಿರೆಳೆದುಕೊಳ್ಳುತ್ತಿದ್ದಳು.

ನುಚ್ಚಿಗೆ ಮಜ್ಜಿಗೆ ಹಾಕಿ ಕಲಸಿ, ಆರಿಸಿ, ಮೊದಲ ತುತ್ತನ್ನು ಅವಳ ಬಾಯಿಯ ಎಡಗಡೆಗೆ ಇಟ್ಟ. ಹೀಗೆ ಅವನು ಯಾರಿಗೂ ಉಣಿಸಿದವನಲ್ಲ, ಮಗಳಿಗೂ ಇಲ್ಲ. ಅವಳ ಹುಬ್ಬು ಗಂಟಿಕ್ಕಿತು. ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿದು ಗಲ್ಲದ ಮೇಲೆ ಹರಿಯಿತು. "ಉರೀತದೇನು?" ಎಂದು ಕೇಳಿದ. ಉರಿಯುತ್ತದೆ, ಸಾಕು, ಬಿಡು ಎಂಬುದು ಅವನ ಬಾಯಲ್ಲೇ ಬಂದು ನಿಂತಿತ್ತು, ಬಟ್ಟಲು ಹಿಡಿದ ಕೈ ಆಗಲೇ ಹಿಂದಕ್ಕೆ ಹೊರಟಿತ್ತು. ಎರಡನ್ನೂ ತಡೆದುಕೊಂಡ. ಅವಳು ನಿಧಾನವಾಗಿ ತುತ್ತನ್ನು ಆಚೆ ಈಚೆ ಹೊರಳಿಸಿ ನುಂಗುವುದನ್ನು ಕಾಯುತ್ತ ಕೂತ. ಅವಳು ನುಂಗಿದಳು.

"ಉರೀತದ," ಎಂದಳು. "ಇನ್ನೊಂದು ತುತ್ತು ಹಾಕ್ರಿ."